ತಮ್ಮನ ಕೋಟಿನ ಒಂಟಿ ರೆಕ್ಕೆ

ಪಿತೃಪಕ್ಷದಲ್ಲಿ ನಮ್ಮ ಮನೆಯ ಎಡೆಗೆ ಒಂದು ಕ್ರಮವಿದೆ. ತೀರಿಕೊಂಡವರ ಹೆಸರಿನಲ್ಲಿ ಎಲೆ ಹಾಕಿ ಅನ್ನ, ಸಾರು, ವಡೆ, ಪಾಯಸ ಬಡಿಸಿದರಷ್ಟೇ ಸಾಲದು. ಅವರು ಬದುಕಿದ್ದಾಗ ಕೈಯಲ್ಲಿ ಹಿಡಿದು ಸವೆಸಿದ ಒಂದು ವಸ್ತು ಅವರ ಎಲೆಯ ಪಕ್ಕದಲ್ಲಿ ಇರಬೇಕು. ಅಪ್ಪನ ಎಲೆಗೆ ಅವನ ಕುಡುಗೋಲು. ಅವ್ವನ ಎಲೆಗೆ ಅವಳ ನಶ್ಯದ ಡಬ್ಬಿ. ಆಮೇಲೆ ಧೂಪ ಹಾಕಿ, ಎಲ್ಲರೂ ಹೊರಗೆ ಬಂದು, ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತಿರುತ್ತೇವೆ. ಆ ಹೊತ್ತಿನಲ್ಲಿ ಅವರು ಬಂದು ಉಂಡು ಹೋಗುತ್ತಾರೆ. ಅವರದಲ್ಲದ ವಸ್ತು ಇಟ್ಟಿದ್ದರೆ ಹೊಸಿಲ ತನಕ ಬಂದು, ಇದು ನಮ್ಮೆಲೆ ಅಲ್ಲ ಅಂತ ಹಸಿದುಕೊಂಡೇ ತಿರುಗಿ ಹೋಗುತ್ತಾರೆ ಎಂದು ಅವ್ವ ಹೇಳುತ್ತಿದ್ದಳು.

ನನ್ನ ತಮ್ಮ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಪಿತೃಪಕ್ಷಕ್ಕೆ ಅವನ ಮಗಳು ಹುಣಸೂರಿನಿಂದ ಬಂದಳು. ಎಡೆಗೆ ಇನ್ನೂ ದಿನವಿತ್ತು. ಅವನಿಗೆ ಗಂಡುಮಕ್ಕಳಿಲ್ಲ, ಹೆಂಡತಿ ಮೊದಲೇ ಹೋಗಿದ್ದಳು, ಹಾಗಾಗಿ ರಾವಂದೂರು ಕಡೆಯ ನಮ್ಮ ಹಳೇ ಮನೆಯಲ್ಲೇ ಅವನಿಗೂ ಎಲೆ ಹಾಕುವುದೆಂದು ಮಾತಾಗಿತ್ತು. ಹುಡುಗಿಯ ಒಂದು ಕೈಯಲ್ಲಿ ಅವಳಪ್ಪನ ಏರ್‌ಫೋರ್ಸಿನ ನೀಲಿ ಕೋಟು, ಇನ್ನೊಂದರಲ್ಲಿ ಹಳೇ ಬಿಸ್ಕತ್ತಿನ ಡಬ್ಬಿ.

"ಅತ್ತೆ, ಅಪ್ಪನ ಎಡೆಗೆ ಅವರ ರೆಕ್ಕೆ ಇಡೋಣ. ಆದ್ರೆ ಇದ್ರಲ್ಲಿ ಒಂದಲ್ಲ, ತುಂಬ ಇದಾವೆ. ಅಪ್ಪಂದು ಯಾವ್ದು ಹೇಳಿ" ಎಂದು ಡಬ್ಬಿಯನ್ನು ಜಗಲಿಯ ಮೇಲೆ ಸುರಿದಳು.

ವಿಮಾನದವರು ಎದೆಯ ಮೇಲೆ ಹಾಕಿಕೊಳ್ಳುವ ರೆಕ್ಕೆಗಳು. ಕೆಲವು ಬಟ್ಟೆಯ ಮೇಲೆ ದಾರದಲ್ಲಿ ಹೆಣೆದವು, ಕೆಲವು ಲೋಹದವು, ಹಿಂದೆ ಪಿನ್ನು. ಕೆಲವು ಬಿಳಿ, ಕೆಲವು ಬಂಗಾರದ ಬಣ್ಣ. ನಾನು ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದೆ. ನೋಡುವ ಅಗತ್ಯವೇನೂ ಇರಲಿಲ್ಲ. ಅವನದು ಅದರಲ್ಲಿ ಇರಲಿಲ್ಲ. ಅವನದು ನನ್ನ ಹತ್ತಿರ ಇತ್ತು. ಬಹಳ ವರ್ಷಗಳ ಹಿಂದೆ ಅದನ್ನು ಇದೇ ಕೋಟಿನಿಂದ ಬ್ಲೇಡಿನಲ್ಲಿ ಬಿಚ್ಚಿ ಕದ್ದವಳು ನಾನು.

"ನಂಗೇನ್ ಗೊತ್ತಾಯ್ತದೆ ಮಗ? ನಾನೇನ್ ಓದಿವ್ನಾ?" ಅಂದೆ.

ಓದದೇ ಇದ್ದದ್ದು ನಿಜ. ನಾಲ್ಕನೇ ಕ್ಲಾಸಿಗೆ ಬಿಡಿಸಿದರು. ನಮ್ಮ ಹೊಲಕ್ಕೆ ಹೊಗೆಸೊಪ್ಪು ಬಂದ ವರ್ಷ ಅದು. ಸೊಪ್ಪು ಮುರಿದು ತಂದ ಮೇಲೆ ಎಲೆಗಳನ್ನು ಕಡ್ಡಿಗೆ ಸಾಲಾಗಿ ಕಟ್ಟಬೇಕು, ಅದಕ್ಕೆ ಚುರುಕು ಬೆರಳು ಬೇಕು. ನನ್ನ ಬೆರಳು ಚುರುಕಾಗಿದ್ದವು. ತಮ್ಮ ಅದೇ ವರ್ಷ ಸ್ಕೂಲಿಗೆ ಸೇರಿದ. ನನ್ನ ಕೈಯಿಂದ ಹೋದ ಸ್ಲೇಟು ಅವನ ಕೈಗೆ ಹೋಯಿತು. ಬೇರೆ ಸ್ಲೇಟಲ್ಲ, ಅದೇ. ಮೂಲೆಯಲ್ಲಿ ನಾನು ಬೀಳಿಸಿ ಮಾಡಿದ ಒಡಕು ಇತ್ತು.

ಅವನು ಚೆನ್ನಾಗಿ ಓದಿದ. ಏರ್‌ಫೋರ್ಸಿಗೆ ಆಯ್ಕೆಯಾಗಿ ಹೋದ. ಹೊಲ ನೋಡಲು ಗಂಡುದಿಕ್ಕಿಲ್ಲ ಎಂದು ನನಗೆ ಮನೆ ಅಳಿಯನನ್ನು ತಂದರು. ನನ್ನ ಜೊತೆಯವರೆಲ್ಲ ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ಬೇರೆ ಬೇರೆ ಊರು ಕಂಡರು. ನಾನು ಹುಟ್ಟಿದ ಹಟ್ಟಿಯಲ್ಲೇ ಮದುವೆಯಾಗಿ ಅದೇ ಹಟ್ಟಿಯ ಕಸ ಗುಡಿಸಿದೆ. ನನ್ನ ಗಂಡ ಒಳ್ಳೆಯವನು. ಅದು ಬೇರೆ ಮಾತು.

ತಮ್ಮ ರಜಕ್ಕೆ ಬಂದರೆ ಮನೆಯ ಒಳ್ಳೇ ತಟ್ಟೆ, ಮಂಚ, ಕೋಳಿಯ ತೊಡೆ ಎಲ್ಲ ಅವನದೇ. ಅವ್ವ ಅವನನ್ನು ಜಗಲಿಯಲ್ಲಿ ಕೂರಿಸಿ ಹಾದುಹೋಗುವವರಿಗೆಲ್ಲ ತೋರಿಸುತ್ತಿದ್ದಳು. "ನಂಗಿರೋನು ಒಬ್ಬ ಮಗ. ಇಮಾನ ಓಡುಸ್ತಾನೆ. ಆಕಾಸದ ಮ್ಯಾಲೇ ಓಡಾಡೋನು." ನೆಲದ ಮೇಲೆ ಓಡಾಡುತ್ತಿದ್ದ ನಾನು ಅಲ್ಲೇ ಪಕ್ಕದಲ್ಲಿ ರಾಗಿ ಕೇರುತ್ತಿರುತ್ತಿದ್ದೆ. ಎಲ್ಲಾದರೂ ವಿಮಾನದ ಸದ್ದು ಕೇಳಿದರೆ ಅವ್ವ ಮಾಡುತ್ತಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಹೋಗಿ ಅದು ಕಣ್ಣಿಗೆ ಮರೆಯಾಗುವ ತನಕ ನಿಲ್ಲುತ್ತಿದ್ದಳು. ನಾನು ತಲೆ ಎತ್ತದೆ ಕಡ್ಡಿ ಕಟ್ಟುತ್ತಿದ್ದೆ.

ಹೊಟ್ಟೆಕಿಚ್ಚು ಎನ್ನುವುದು ದೊಡ್ಡದಾಗಿ ಏನೂ ಮಾಡಿಸುವುದಿಲ್ಲ, ಚಿಲ್ಲರೆ ಕೆಲಸ ಮಾಡಿಸುತ್ತದೆ. ಅವನ ರೊಟ್ಟಿಯನ್ನು ಒಂದು ಕ್ಷಣ ಹೆಚ್ಚೇ ಹೆಂಚಿನ ಮೇಲೆ ಬಿಡುತ್ತಿದ್ದೆ. ಅವನ ವಾಸನೆ ಸೋಪು ಬಚ್ಚಲ ನೀರಿನಲ್ಲಿ ಕರಗಲಿ ಎಂದು ಎತ್ತಿಡುತ್ತಿರಲಿಲ್ಲ. ಅವನು ಸೀದ ರೊಟ್ಟಿ ತಿಂದು, "ಅಕ್ಕನ ಕೈ ರೊಟ್ಟಿ ತಿನ್ನದೆ ಎಷ್ಟು ದಿನ ಆಗಿತ್ತು" ಅನ್ನುತ್ತಿದ್ದ. ಅದಕ್ಕೂ ನನಗೆ ಉರಿಯುತ್ತಿತ್ತು.

ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಅವನು ರಿಟೈರಾಗಿ ಬಂದ. ಆಗಸ್ಟ್ ತಿಂಗಳು. ಹೊಗೆಸೊಪ್ಪು ಬೇಯಿಸುವ ಕಾಲ. ನಮ್ಮ ಕಡೆ ಸೊಪ್ಪು ಬೇಯಿಸಲು ಎತ್ತರದ ಗೋಡೆಯ ಕಟ್ಟಡವಿರುತ್ತದೆ, ಬ್ಯಾರನ್ ಅನ್ನುತ್ತೇವೆ. ಒಳಗೆ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಅಂತಸ್ತು ಅಂತಸ್ತಾಗಿ ತೂಗುಹಾಕಿ, ಹೊರಗಿನಿಂದ ಒಲೆಗೆ ಸೌದೆ ಕೊಡಬೇಕು. ಗೋಡೆಯಲ್ಲಿ ಸಣ್ಣ ಗಾಜಿನ ಕಿಂಡಿ, ಅದರ ಹಿಂದೆ ಥರ್ಮಾಮೀಟರು. ಅದನ್ನು ನೋಡುತ್ತ ಕಾವು ಏರಿಸಬೇಕು. ಆತುರಪಟ್ಟರೆ ಸೊಪ್ಪು ಹಸಿರಾಗಿಯೇ ಸೆಟೆದುಕೊಳ್ಳುತ್ತದೆ, ಮೈಮರೆತರೆ ಕಪ್ಪಾಗುತ್ತದೆ. ಎರಡೂ ಕಡೆ ವರ್ಷದ ದುಡಿಮೆ ಮಣ್ಣು. ನಮ್ಮ ಬ್ಯಾರನ್ನಿನ ಕಾವು ನೋಡುವವಳು ನಾನು. ಸುತ್ತಿನಲ್ಲಿ ನನ್ನಷ್ಟು ಸರಿಯಾಗಿ ನೋಡುವವರು ಇರಲಿಲ್ಲ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ. ಯಾರೂ ಹೇಳದೇ ಇದ್ದುದರಿಂದ ನಾನೇ ಹೇಳಬೇಕಾಗಿದೆ.

ಒಂದು ಮಧ್ಯಾಹ್ನ ತಮ್ಮ ಬಂದು ಸೌದೆ ರಾಶಿಯ ಮೇಲೆ ಕೂತ.

"ಎಷ್ಟೈತೆ ಅಕ್ಕ ಕಾವು?"

"ಕಣ್ಣಿಲ್ವ? ನೋಡ್ಕ."

ಅವನು ಕಿಂಡಿಯಲ್ಲಿ ಇಣುಕಿದ. ಬಹಳ ಹೊತ್ತು ನೋಡಿದ. ತಿರುಗಿದಾಗ ಮುಖದಲ್ಲಿ ನಗು ಇತ್ತು.

"ನಾನು ಮಾಡ್ತಿದ್ದುದೂ ಇದೇ ಕೆಲ್ಸ ಕಣಕ್ಕ."

"ಯಾವ್ದ್ಲಾ?"

"ಇದೇ. ಮುಳ್ಳು ನೋಡ್ಕಂಡು ಕೂರೋದು. ಇಮಾನ ಓಡ್ಸೋರು ಮುಂದೆ ಕೂತಿರ್ತಾರೆ, ಅವ್ರು ಪೈಲಟ್ಟು. ಅವರ ಹಿಂದೆ ನಾನು. ಎಂಜಿನ್ ಕಾವು ಎಷ್ಟಾಯ್ತು, ಎಣ್ಣೆ ಎಷ್ಟೈತೆ, ನೋಡಿ ನೋಡಿ ಹೇಳ್ತಿರ್ಬೇಕು. ಕಾವು ಮೀರುದ್ರೆ ಮುಗೀತು. ನಿನ್ ಬ್ಯಾರನ್ನಂಗೇ."

ನನ್ನ ಕೈಯಲ್ಲಿದ್ದ ಸೌದೆ ಕೈಯಲ್ಲೇ ಉಳಿಯಿತು. "ಅಂಗಾರೆ ನೀನು ಇಮಾನ ಓಡ್ಸಾಕಿಲ್ವ?"

"ಇಲ್ಲ ಕಣಕ್ಕ."

"ಅವ್ವ ಊರ್ಗೆಲ್ಲ ಸಾರವ್ಳಲ್ಲೋ!"

"ಅವ್ವಂಗೆ ಎಷ್ಟ್ ಸಲ ಹೇಳಿವ್ನಿ. ಹ್ಞೂಂ ಅಂತಾಳೆ, ಆಚೆ ಹೋಗಿ ಅದನ್ನೇ ಹೇಳ್ತಾಳೆ."

ಅವನು ಮನೆಯೊಳಗೆ ಹೋಗಿ ಕೋಟು ತಂದು ಎದೆಯ ಮೇಲಿದ್ದ ರೆಕ್ಕೆ ತೋರಿಸಿದ. ಪೈಲಟ್ಟಿಗಾದರೆ ಎರಡು ರೆಕ್ಕೆ, ಆ ಕಡೆ ಒಂದು ಈ ಕಡೆ ಒಂದು. ಇವನದಕ್ಕೆ ಒಂದೇ. ಬುಡದಲ್ಲಿ ದುಂಡನೆಯ ಮಾಲೆ, ಮಾಲೆಯೊಳಗೆ ಒಂದು ಇಂಗ್ಲಿಷ್ ಅಕ್ಷರ. ನನಗೆ ಅದು ಮೂರು ಹಲ್ಲು ಉಳಿದ ಬಾಚಣಿಗೆಯ ಹಾಗೆ ಕಂಡಿತು. ಅದನ್ನು ನೋಡಿದರೆ ಇವನು ಎಂಜಿನ್ ನೋಡುವವನು ಎಂದು ತಿಳಿದವರಿಗೆ ಗೊತ್ತಾಗುತ್ತದಂತೆ.

"ಮುಳ್ಳು ನೋಡಾಕೆ ರೆಕ್ಕೆ ಕೊಟ್ರಾ ನಿಂಗೆ?" ಅಂದೆ. "ನಾನೂ ಈಟು ವರ್ಷದಿಂದ ನೋಡ್ಕಂಡೇ ಕುಂತಿವ್ನಿ. ನಂಗೇನ್ ಕೊಟ್ರು?"

ಅವನು ಜೋರಾಗಿ ನಕ್ಕ. "ನಿಂಗೂ ಒಂದು ಮಾಡ್ಸಾಣ ಬುಡು. ಬ್ಯಾರನ್ ರೆಕ್ಕೆ!" ಆಮೇಲೆ ಅಂದ: "ಸ್ಕೂಲ್ನೋರು ಬಾವುಟ ಹಾರ್ಸಕ್ಕೆ ಕರ್ದವ್ರೆ ಅಕ್ಕ. ಕೋಟು ಹಾಕ್ಕಂಡು ಹೋಗಿ, ಈ ರೆಕ್ಕೆ ತೋರ್ಸಿ, ಎಲ್ಲ ಹೇಳ್ಬುಡ್ತೀನಿ. ನಾನು ಪೈಲಟ್ ಅಲ್ಲ, ನಮ್ಮಕ್ಕ ಬ್ಯಾರನ್ ತಾವ ಮಾಡೋ ಕೆಲ್ಸನೇ ನಾನು ಮ್ಯಾಲೆ ಮಾಡ್ತಿದ್ದುದು ಅಂತ."

ಈಗ ಈ ಮಾತನ್ನು ಹೇಳುವಾಗ ಅದರಲ್ಲಿ ಏನಿತ್ತು ಎಂದು ನನಗೆ ಕಾಣುತ್ತದೆ. ಅವತ್ತು ಕಾಣಲಿಲ್ಲ. ಅವತ್ತು ಅವನ ನಗು ಮಾತ್ರ ಕಿವಿಯಲ್ಲಿತ್ತು. ಊರವರ ಮುಂದೆ ನನ್ನನ್ನು ನಿಲ್ಲಿಸಿ ನಗಿಸುತ್ತಾನೆ ಅಂದುಕೊಂಡೆ. ಕೋಟು ಹಾಕಿದವನು ಹೊಗೆ ಕುಡಿದವಳ ಹೆಸರು ಹೇಳಿದರೆ ನಗದೆ ಇನ್ನೇನು ಮಾಡುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಒಂದೇ ಕೆಲಸ, ಅವನಿಗೆ ರೆಕ್ಕೆ, ನನಗೆ ಕಣ್ಣುರಿ. ಅವನು ಪೈಲಟ್ಟಾಗಿದ್ದರೆ ನಾನು ಸಹಿಸುತ್ತಿದ್ದೆನೇನೋ. ಅದು ನನಗೆ ಬಾರದ ಕೆಲಸ. ನನಗೆ ಬರುವ ಕೆಲಸಕ್ಕೇ ಅವನಿಗೆ ಕೊಟ್ಟಿದ್ದರಲ್ಲ, ಅದನ್ನು ಸಹಿಸಲಾಗಲಿಲ್ಲ.

ಬಾವುಟದ ಹಿಂದಿನ ದಿನ ಅವನು ಕ್ಷೌರಕ್ಕೆಂದು ಪಿರಿಯಾಪಟ್ಟಣಕ್ಕೆ ಹೋದ. ಕೋಟನ್ನು ಬಿಸಿಲಿಗೆ ಹರವಿ ಹೋಗಿದ್ದ. ನಾನು ಅವನ ಗಡ್ಡ ಮಾಡುವ ಬ್ಲೇಡನ್ನೇ ತೆಗೆದುಕೊಂಡು ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದೆ. ಬಟ್ಟೆ ಹರಿಯದ ಹಾಗೆ ಜೋಪಾನವಾಗಿ. ರೆಕ್ಕೆ ಕೈಗೆ ಬಂತು. ಅದರ ಕೆಳಗಿನ ಬಟ್ಟೆ ಬಿಸಿಲು ಕಾಣದೆ ಕಡುನೀಲಿಯಾಗಿಯೇ ಉಳಿದಿತ್ತು, ಸುತ್ತ ಎಲ್ಲ ಮಾಸಿತ್ತು. ಕಿತ್ತರೂ ಕೋಟಿನ ಮೇಲೆ ಒಂದು ರೆಕ್ಕೆ ಇದ್ದೇ ಇತ್ತು. ಬ್ಯಾರನ್ನಿನ ಗೋಡೆಯ ಗೂಡಿನಲ್ಲಿ ಹಿಂದೆ ಒಡೆದುಹೋದ ಥರ್ಮಾಮೀಟರಿನ ಉದ್ದನೆಯ ಮರದ ಪೆಟ್ಟಿಗೆ ಖಾಲಿ ಬಿದ್ದಿತ್ತು. ಅದರೊಳಗೆ ಇಟ್ಟು ಮುಚ್ಚಿದೆ.

ಮಾರನೇ ಬೆಳಿಗ್ಗೆ ಅವನು ಕೋಟು ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತ.

"ಅಕ್ಕ, ಇದ್ನ ಯಾರಾದ್ರೂ ಮುಟ್ಟಿದ್ರಾ?"

"ಕಾಗೆ ಕೂತಿತ್ತಪ್ಪ ಕೋಟಿನ ಮ್ಯಾಲೆ. ಮಿಂಚೋದ್ ಕಂಡ್ರೆ ಬುಡ್ತವಾ ಅವು?"

ಅವನು ಕತ್ತರಿಸಿದ ದಾರದ ತುದಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಒಂದು ನೂಲೂ ಎಳೆದುಕೊಂಡಿರಲಿಲ್ಲ. ನನ್ನ ಮುಖ ನೋಡಿದ.

"ಬೋ ಬುದ್ವಂತ ಕಾಗೆ ಕಣಕ್ಕ" ಅಂದ.

ಅಷ್ಟೇ. ಆಮೇಲೆ ಸಾಯುವ ತನಕ ಆ ಮಾತು ಎತ್ತಲಿಲ್ಲ.

ಅದೇ ಕೋಟು ಹಾಕಿಕೊಂಡು ಹೋದ. ನಾನು ಸ್ಕೂಲಿನ ಕಾಂಪೌಂಡಿನ ಹೊರಗೆ ನಿಂತು ನೋಡಿದೆ. ಹೆಡ್‌ಮಾಸ್ಟರು "ಆಕಾಶದಲ್ಲಿ ಯುದ್ಧವಿಮಾನ ಹಾರಿಸಿದ ನಮ್ಮೂರಿನ ಪೈಲಟ್" ಎಂದು ಮೈಕಿನಲ್ಲಿ ಕೂಗಿದರು. ಅವ್ವ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ತಮ್ಮ ಮೈಕಿನ ಮುಂದೆ ನಿಂತು, ಎಡಗೈಯನ್ನು ಎದೆಯ ಮೇಲಿನ ಆ ಕಲೆಯ ಮೇಲೆ ಇಟ್ಟುಕೊಂಡು, "ಮಕ್ಕಳೇ, ಚೆನ್ನಾಗಿ ಓದಿ" ಅಂತ ಹೇಳಿ ಇಳಿದುಬಿಟ್ಟ. ತೋರಿಸಲು ಕೈಯಲ್ಲಿ ಏನೂ ಇಲ್ಲದೆ, ನಾನು ಪೈಲಟ್ ಅಲ್ಲ ಎಂದು ಹೇಗೆ ಹೇಳುತ್ತಾನೆ? ಹಾಗಾದರೆ ನೀನು ಯಾರು ಅಂದರೆ ಏನು ತೋರಿಸುತ್ತಾನೆ? ಜನ ಚಪ್ಪಾಳೆ ತಟ್ಟಿದರು. ಅವನು ಸುಳ್ಳು ಹೇಳಲಿಲ್ಲ. ಆದರೆ ಅವತ್ತಿನಿಂದ ಊರಿಗೆ ಅವನು ಪೈಲಟ್ಟೇ ಆದ. ನನ್ನ ಹೆಸರು ಅವನು ಎತ್ತಲಿಲ್ಲ. ಯಾರೂ ನನ್ನನ್ನು ನೋಡಿ ನಗಲಿಲ್ಲ. ಅಷ್ಟು ಚಪ್ಪಾಳೆ ಅವನಿಗೆ ಬಿತ್ತಲ್ಲ ಎಂದು ನಾನು ಮತ್ತೆ ಹೊಟ್ಟೆ ಉರಿದುಕೊಂಡು ಬ್ಯಾರನ್ನಿಗೆ ಬಂದೆ.

ಆಮೇಲೆ ಅವನು ಹುಣಸೂರಿನಲ್ಲಿ ಮನೆ ಮಾಡಿ, ಕೆ.ಆರ್. ನಗರದಲ್ಲಿ ತಾಯಿಯ ತವರಲ್ಲಿ ಬೆಳೆಯುತ್ತಿದ್ದ ಮಗಳನ್ನು ಕರೆದುಕೊಂಡು ಬಂದ. ಅಪ್ಪ ಪೈಲಟ್ಟು ಎಂದು ಅವಳಿಗೆ ಹೇಳಿದ್ದು ನಮ್ಮವ್ವ. ಬೇಸಿಗೆ ರಜೆಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ದಿನಾ ಹೇಳಿದಳು. ತೋರಿಸಲು ರೆಕ್ಕೆಯಿಲ್ಲದ ತಮ್ಮ ಅವಳಿಗೂ ತಿದ್ದಿ ಹೇಳಲಿಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಜಗಲಿಯಲ್ಲಿ ಕೂತು, ನಂಗೇನ್ ಗೊತ್ತಾಯ್ತದೆ ಮಗ, ಅಂದದ್ದು.

ಹುಡುಗಿ ಸುಮ್ಮನಾಗಲಿಲ್ಲ. ಹುಣಸೂರಿನ ಹೊರಗೆ ಕೊಡಗಿನ ಕಡೆಯ ಒಬ್ಬ ಹಿರಿಯರಿದ್ದರು. ಏರ್‌ಫೋರ್ಸಿನಲ್ಲಿ ಹೆಲಿಕಾಪ್ಟರ್ ಹಾರಿಸಿ, ಆಮೇಲೆ ಖಾಸಗಿ ಕಂಪನಿಯ ವಿಮಾನವನ್ನೂ ಹಾರಿಸಿ ಬಂದವರು. ಮಿಲಿಟರಿ ಕ್ಯಾಂಟೀನಿನಲ್ಲಿ ಯಾರೋ ಅವರ ವಿಷಯ ಹೇಳಿದ್ದರಂತೆ. "ಒಬ್ಳೇ ಹೋಗಕ್ಕೆ ಸಂಕೋಚ, ಬನ್ನಿ ಅತ್ತೆ" ಎಂದು ನನ್ನನ್ನೂ ಎಳೆದುಕೊಂಡು ಹೊರಟಳು.

ಹಿರಿಯರು ವರಾಂಡದ ಮೇಜಿನ ಮೇಲೆ ಪೇಪರು ಹರವಿ ಡಬ್ಬಿ ಸುರಿಸಿಕೊಂಡರು. ಕನ್ನಡಕ ಏರಿಸಿದರು. ನಾವು ಸೊಪ್ಪು ಗ್ರೇಡ್ ಮಾಡುವಾಗ ಮಾಡುವ ಹಾಗೆಯೇ ಒಂದೊಂದನ್ನೂ ಬೆಳಕಿಗೆ ಹಿಡಿದು ಬೇರೆ ಬೇರೆ ಗುಂಪು ಮಾಡತೊಡಗಿದರು.

"ನೋಡಮ್ಮ, ಮೊದಲು ನಡುವೆ ಏನಿದೆ ನೋಡಬೇಕು. ಇದು ಏರ್‌ಫೋರ್ಸ್ ಪೈಲಟ್‌ದು. ಎರಡು ರೆಕ್ಕೆ, ಮಧ್ಯೆ ಮಾಲೆ, ಮೇಲೆ ಸಿಂಹ. ದಾರದ ಕೆಲಸ, ಕೋಟಿಗೆ ಹೊಲಿಯೋದು. ಇದರಲ್ಲಿ ಲಂಗರು ಕಾಣ್ತದಲ್ಲ, ಇದು ನೇವಿಯವರದ್ದು. ಇದರಲ್ಲಿ ಸಿಂಹವೂ ಇಲ್ಲ, ಲಂಗರೂ ಇಲ್ಲ, ಕಂಪನಿಯ ಗುರುತು ಮಾತ್ರ. ಹಿಂದೆ ಪಿನ್ನು. ಇದು ಸಿವಿಲ್. ಸಂಬಳ ಜಾಸ್ತಿ ನೋಡಿ, ಅದಕ್ಕೇ ಬಂಗಾರದ ಬಣ್ಣ."

ಹುಡುಗಿ ನಕ್ಕಳು. ಅವರು ಪುಟ್ಟದೊಂದನ್ನು ಎತ್ತಿ ಹಿಂದೆ ಮುಂದೆ ನೋಡಿದರು.

"ಇದನ್ನು ನನಗೂ ಯಾರೂ ಕೊಡಲಿಲ್ಲವಲ್ಲ! ಇದು ವಿಮಾನದಲ್ಲಿ ಅಳೋ ಮಕ್ಕಳಿಗೆ ಕೊಡೋದಮ್ಮ, ಆಟಕ್ಕೆ."

ಹುಡುಗಿಯ ನಗು ನಿಂತಿತು. "ಇದನ್ನೇ ನಾನು ಅಪ್ಪಂದು ಅಂತ ಸ್ಕೂಲಿಗೆ ತಗೊಂಡೋಗಿ ಎಲ್ಲರಿಗೂ ತೋರಿಸಿದ್ದೆ" ಎಂದು ಮೆಲ್ಲಗೆ ಹೇಳಿದಳು.

"ಪರವಾಗಿಲ್ಲ. ನಿಮ್ಮಪ್ಪ ಏನು ಹಾರಿಸ್ತಿದ್ದರು? ಆ ಕೋಟು ಕೊಡಿ."

ಕೋಟನ್ನು ಪೇಪರಿನ ಮೇಲೆ ಹರವಿದರು. ಎದೆಯ ಮೇಲಿನ ಕಡುನೀಲಿ ಕಲೆ ಅಷ್ಟು ವರ್ಷವಾದರೂ ಹಾಗೇ ಇತ್ತು. ಅವರು ಪೈಲಟ್ಟಿನ ಎರಡು ರೆಕ್ಕೆಯನ್ನು ಅದರ ಮೇಲೆ ಇಟ್ಟರು. ಒಂದು ರೆಕ್ಕೆ ಮಾಸಿದ ಬಟ್ಟೆಯ ಮೇಲೆ ಚಾಚಿಕೊಂಡಿತು. ನೇವಿಯದನ್ನು ಇಟ್ಟರು, ಕೂಡಲಿಲ್ಲ. ಬಂಗಾರದ್ದನ್ನು ಇಟ್ಟರು, ಕೂಡಲಿಲ್ಲ. ಆ ಡಬ್ಬಿಯಲ್ಲಿದ್ದ ಯಾವುದೂ ಕೂಡಲಿಲ್ಲ. ನಾನು ಸೆರಗಿನ ತುದಿ ಹಿಡಿದುಕೊಂಡು ಅಂಗಳದ ಕಡೆ ನೋಡುತ್ತ ಕೂತಿದ್ದೆ.

"ಇಲ್ಲಿ ಇದ್ದದ್ದು ಒಂದೇ ರೆಕ್ಕೆ" ಅಂದರು ಹಿರಿಯರು. "ಪೈಲ‌ಟ್ ಅಲ್ಲಮ್ಮ ನಿಮ್ಮಪ್ಪ. ಹಾರೋರೇ, ಆದರೆ ಬೇರೆ ಕೆಲಸದವರು. ಏನು ಅಂತ ಹೇಳಬೇಕಾದರೆ ಅದರೊಳಗಿನ ಅಕ್ಷರ ನೋಡಬೇಕು. ಅದೆಲ್ಲಿ?"

"ಕಳೆದಿರಬಹುದು ಸಾರ್."

"ಅದನ್ನು ಯಾರೂ ಕಳೆಯಲ್ಲ. ಮದುವೆ ಉಂಗುರ ಕಳೀತಾರೆ, ಅದನ್ನು ಕಳೆಯಲ್ಲ. ಇದನ್ನು ನೋಡಿ, ದಾರ ಬ್ಲೇಡಲ್ಲಿ ಕತ್ತರಿಸಿದ್ದು." ಯೋಚನೆ ಮಾಡದೆ ಹೇಳಿಬಿಟ್ಟರು: "ತಪ್ಪು ಮಾಡಿದರೆ ಕಿತ್ತುಕೊಳ್ಳೋದೂ ಉಂಟು. ತನ್ನದು ಹೋದವನು ಆಮೇಲೆ ಹೀಗೆ ಕಂಡವರದ್ದೆಲ್ಲ ಕೇಳಿ ಕೂಡಿಡ್ತಾನೆ."

ಹುಡುಗಿ ರೆಕ್ಕೆಗಳನ್ನೆಲ್ಲ ಡಬ್ಬಿಗೆ ತುಂಬಿದಳು.

ಊರಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಪಿರಿಯಾಪಟ್ಟಣ ದಾಟಿದ ಮೇಲೆ ಕೇಳಿದಳು. "ಅಪ್ಪ ಏನು ತಪ್ಪು ಮಾಡಿದ್ರು ಅತ್ತೆ?"

ನಾನು ಟಿಕೆಟ್ಟನ್ನು ಸೆರಗಿನ ತುದಿಗೆ ಕಟ್ಟತೊಡಗಿದೆ.

"ಪೈಲಟ್ ಅಲ್ಲದಿದ್ರೆ ಹೋಗ್ಲಿ. ಕಿತ್ಕೊಂಡು ಕಳಿಸೋ ಅಂಥದ್ದೇನು ಮಾಡಿದ್ರು? ಎಡೆಗೆ ಏನೂ ಇಡೋದು ಬೇಡ. ಪಂಚೆ, ಶರ್ಟು ಇಟ್ಟು ಮುಗಿಸಿಬಿಡಿ. ನಂಟರ ಮುಂದೆ ಈ ಡಬ್ಬಿ ತೆಗೀಬೇಡಿ."

ನನ್ನ ಅಪರಾಧ ಬ್ಲೇಡು ಹಿಡಿದ ದಿನ ಮುಗಿಯಿತು ಎಂದು ಯಾರಾದರೂ ತಿಳಿದರೆ ತಪ್ಪು. ಆ ಬಸ್ಸಿನಲ್ಲಿ, ಪಕ್ಕದಲ್ಲಿ ಆ ಮಗು ಅಳುತ್ತಿರುವಾಗ, ನನ್ನ ಎದೆಯೊಳಗೆ ಎಲ್ಲೋ ಒಂದು ಕಡೆ ತಂಪಾಯಿತು. ಕೊನೆಗೂ ಅವನು ನನ್ನ ಸಮಕ್ಕೆ ಇಳಿದ ಎನ್ನಿಸಿತು. ಸತ್ತು ಬೂದಿಯಾದವನ ಮೇಲೆ ಇನ್ನೂ ನನಗೆ ಹೊಟ್ಟೆಕಿಚ್ಚು. ಅದರ ಜೊತೆಗೇ ಇನ್ನೊಂದು ಕಿಚ್ಚು: ಅವನಿಗಾಗಿ ಹೀಗೆ ಅಳುವ ಮಗಳಿದ್ದಾಳಲ್ಲ ಎಂದು. ಮನೆಗೆ ಬಂದ ಮೇಲೆ ಬ್ಯಾರನ್ನಿನ ಗೂಡಿನ ಕಡೆ ಹೋದೆ, ಪೆಟ್ಟಿಗೆ ಮುಟ್ಟಿದೆ, ವಾಪಸು ಬಂದೆ. ಎಡೆಯ ತನಕ ದಿನಾ ಇದೇ ಕೆಲಸ.

ಎಡೆಯ ದಿನ ನಡುಮನೆಯಲ್ಲಿ ಎಲೆಗಳು ಬಿದ್ದವು. ಅಪ್ಪನ ಕುಡುಗೋಲು, ಅವ್ವನ ನಶ್ಯದ ಡಬ್ಬಿ. ತಮ್ಮನ ಎಲೆಯ ಪಕ್ಕದಲ್ಲಿ ಹೊಸ ಪಂಚೆ, ಹೊಸ ಶರ್ಟು, ಅಂಗಡಿಯ ಮಡಿಕೆ ಇನ್ನೂ ಬಿಚ್ಚದ್ದು. ಕೋಟು ಮೂಲೆಯ ಗೂಟದಲ್ಲಿ ತೂಗುತ್ತಿತ್ತು. ನಂಟರು ತುಂಬಿದ್ದರು. ನನ್ನ ಗಂಡ ಧೂಪಕ್ಕೆ ಕೆಂಡ ತಂದ. ಆಗ ಹುಡುಗಿ ನನ್ನ ಹತ್ತಿರ ಬಂದು ಕಿವಿಯಲ್ಲಿ ಕೇಳಿದಳು.

"ಅತ್ತೆ, ಅಜ್ಜಿ ಹೇಳ್ತಿದ್ರಲ್ಲ. ತಮ್ಮದು ಏನೂ ಕಾಣದಿದ್ರೆ ಹೊಸಿಲ ತನಕ ಬಂದು ತಿರುಗಿ ಹೋಗ್ತಾರೆ ಅಂತ. ಅಪ್ಪ ಹಂಗೇ ಹೋಗ್ಬಿಡ್ತಾರಾ?"

ಸೀದ ರೊಟ್ಟಿ ತಿಂದು ಎದ್ದವನು ನೆನಪಾದ.

"ಧೂಪ ಹಾಕ್ಬ್ಯಾಡಿ, ತಡೀರಿ" ಎಂದು ಗಂಡನಿಗೆ ಹೇಳಿ ಬ್ಯಾರನ್ನಿಗೆ ಹೋಗಿ ಪೆಟ್ಟಿಗೆ ತಂದೆ. ಎಲ್ಲರ ಮುಂದೆ ಮುಚ್ಚಳ ತೆಗೆದೆ. ರೆಕ್ಕೆಗೆ ಹೊಗೆಸೊಪ್ಪಿನ ವಾಸನೆ ಹತ್ತಿತ್ತು. ಬೆಳ್ಳಗಿದ್ದ ದಾರ ಹದವಾದ ಸೊಪ್ಪಿನ ಬಣ್ಣಕ್ಕೆ ತಿರುಗಿತ್ತು.

ಹುಡುಗಿ ಕೋಟು ತಂದು ಎಲೆಯ ಪಕ್ಕದಲ್ಲಿ ಹಾಸಿ, ರೆಕ್ಕೆಯನ್ನು ಆ ಕಡುನೀಲಿಯ ಮೇಲೆ ಇಟ್ಟಳು. ಕೂಡಿತು. ಅಂಚಿಗೆ ಅಂಚು ಕೂಡಿತು.

"ಎಲ್ಲಿತ್ತು ಅತ್ತೆ ಇದು?"

"ನನ್ ತಾವ."

"ಅಪ್ಪ ನಿಮಗೆ ಕೊಟ್ಟಿದ್ರಾ?"

ಅವಳೇ ಬಾಗಿಲು ತೆರೆದುಕೊಟ್ಟ ಹಾಗಿತ್ತು. ಹ್ಞೂಂ ಅಂದಿದ್ದರೆ ಆಗುತ್ತಿತ್ತು. ಅಕ್ಕನ ಮೇಲಿನ ಪ್ರೀತಿಗೆ ತಮ್ಮ ತನ್ನ ರೆಕ್ಕೆಯನ್ನೇ ಕಿತ್ತುಕೊಟ್ಟ ಎಂದು ನಂಟರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಇಲ್ಲ ಮಗ. ನಾನೇ ಕಿತ್ಕಂಡೆ. ಬ್ಲೇಡಲ್ಲಿ."

"ಯಾಕೆ?"

"ಹೊಟ್ಟೆಕಿಚ್ಚಿಗೆ."

ನನ್ನ ಗಂಡ ಕೆಂಡದ ತಟ್ಟೆ ಹಿಡಿದುಕೊಂಡೇ, "ಇಷ್ಟು ವರ್ಸ ಆ ಬ್ಯಾರನ್ನಲ್ಲಿ ಮಡಗಿದ್ಯಾ? ಥೂ ನಿನ್ನ" ಅಂದ. ಆಮೇಲೆ ಧೂಪ ಹಾಕಿದ. ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಜಗಲಿಯಲ್ಲಿ ಹುಡುಗಿ ನನ್ನಿಂದ ದೂರ, ಕಂಬಕ್ಕೆ ಒರಗಿ ಕೂತಳು. ನಾನು ಅಲ್ಲಿಂದಲೇ ಹೇಳಿದೆ. ಸೌದೆ ರಾಶಿಯ ಮೇಲೆ ಕೂತು ಅವನು ಆಡಿದ ಮಾತು, ಎಂಜಿನ್ನಿನ ಕಾವು, ಬಾಚಣಿಗೆಯಂಥ ಅಕ್ಷರ, ಸ್ಕೂಲಿನಲ್ಲಿ ಎಲ್ಲ ಹೇಳಿಬಿಡುತ್ತೇನೆ ಅಂದದ್ದು, ಹೇಳಲಾಗದೆ ಎದೆಯ ಮೇಲೆ ಕೈ ಇಟ್ಟುಕೊಂಡು ಇಳಿದು ಬಂದದ್ದು. ಕಾಗೆಯ ಮಾತನ್ನೂ ಬಿಡಲಿಲ್ಲ. ಅದಕ್ಕೆ ಅವನು ಕೊಟ್ಟ ಉತ್ತರ ಹೇಳಿದಾಗ ಅವಳಿಗೆ ನಗು ಬಂತು, ನಗುತ್ತಲೇ ಅಳು ಬಂತು.

"ಹಂಗಾದ್ರೆ ಅಪ್ಪ ಏನೂ ತಪ್ಪು ಮಾಡಿರ್ಲಿಲ್ಲ."

"ಇಲ್ಲ ಕಣವ್ವ. ತಪ್ಪು ಮಾಡಿದೋಳು ಇಲ್ಲಿ ಕುಂತವ್ಳೆ."

ಅವಳು ಅದಕ್ಕೆ, ಹೋಗಲಿ ಬಿಡಿ ಅತ್ತೆ ಎನ್ನಲಿಲ್ಲ. ಬಾಗಿಲು ತೆರೆದು, ಎಲ್ಲರೂ ಉಂಡು, ನಂಟರು ಕರಗಿದ ಮೇಲೆ ಕೋಟು, ರೆಕ್ಕೆ, ಒಂದು ಸೂಜಿ, ನೀಲಿ ದಾರ ತಂದು ನನ್ನ ಮಡಿಲಿಗೆ ಹಾಕಿದಳು.

"ಕಿತ್ತೋರು ನೀವು. ನೀವೇ ಹೊಲೀರಿ."

"ನನ್ ಕೈ ನೋಡು ಮಗ, ಸೊಪ್ಪಿನ ಅಂಟು. ಕೋಟು ಕೊಳೆಯಾಯ್ತದೆ."

"ತೊಳ್ಕೊಂಡು ಬನ್ನಿ."

ತೊಳೆದುಕೊಂಡು ಬಂದೆ. ಅವಳು ಎದುರಿಗೆ ಕೂತು ಒಂದೊಂದು ಹೊಲಿಗೆಯನ್ನೂ ನೋಡಿದಳು. "ಅಲ್ಲಿ ಸಡಿಲ ಆಯ್ತು, ಬಿಚ್ಚಿ" ಅಂದಳು. ಬಿಚ್ಚಿ ಮತ್ತೆ ಹಾಕಿದೆ. ಕಣ್ಣು ಮಂಜಾದಾಗ ಸೂಜಿಗೆ ದಾರ ಅವಳೇ ಪೋಣಿಸಿಕೊಟ್ಟಳು. ಆ ಒಂಟಿ ರೆಕ್ಕೆಯನ್ನು ಬೆರಳ ಕೆಳಗೆ ಒತ್ತಿ ಹಿಡಿದು ಹೊಲಿಯುವಾಗಲೂ, ಇದು ನನ್ನದಾಗಬಾರದಿತ್ತೇ ಎನ್ನಿಸುತ್ತಲೇ ಇತ್ತು. ಎನ್ನಿಸುತ್ತಿರುವಂತೆಯೇ ಹೊಲಿದೆ. ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿಯಲು ಬಾಗಿದೆ. ಬ್ಲೇಡು ತರಲು ಇಬ್ಬರೂ ಏಳಲಿಲ್ಲ.